ನೀಲಿ ಜರ್ಸಿ ಜೈಂಟ್ ಹುಂಜ: ಗಾತ್ರಕ್ಕೆ ಮೆಚ್ಚುಗೆ, ಬಣ್ಣದ ಭರವಸೆಗೆ ತಕರಾರು

ನನ್ನ ಸಣ್ಣ ಗಾತ್ರದ ಕಪ್ಪು ಹೇಟೆಗಳ ಸಂತತಿಯನ್ನು ದೊಡ್ಡದು ಮಾಡಬೇಕೆಂದು ತಳಿ ಸಾಕಣೆದಾರರೊಬ್ಬರಿಂದ ನೀಲಿ ಜರ್ಸಿ ಜೈಂಟ್ ಹುಂಜವೊಂದನ್ನು ತಂದಿದ್ದೆ (ಕೋಳಿ ಸಾಕುವವರು ನೀಲಿ ಎನ್ನುವುದು ಬೂದು ಛಾಯೆಯ ಬಣ್ಣಕ್ಕೆ). ಬೆಳೆದ ಹುಂಜ ಸುಮಾರು 5.9 ಕಿಲೋ ತೂಗಬೇಕೆಂಬುದು ಈ ತಳಿಯ ಮಾನದಂಡ. ನನ್ನದು ಅದರ ಹತ್ತಿರಕ್ಕೆ ಬಂದಿದೆ, ಸ್ವಭಾವವೂ ಸಾಧು.

ತಕರಾರಿರುವುದು ಬಣ್ಣದ ವಿಷಯದಲ್ಲಿ. ಮರಿಗಳೆಲ್ಲ ನೀಲಿಯಾಗಿಯೇ ಹುಟ್ಟುತ್ತವೆ ಎಂದು ಮಾರಿದವರು ಭರವಸೆ ಕೊಟ್ಟಿದ್ದರು. ಆದರೆ ನೀಲಿ ಬಣ್ಣದ ವಂಶವಾಹಿ ಅಪೂರ್ಣ ಪ್ರಬಲವಾದ್ದರಿಂದ (ಒಂದು ಪ್ರತಿಯಿದ್ದರೆ ನೀಲಿ, ಒಂದೂ ಇಲ್ಲದಿದ್ದರೆ ಕಪ್ಪು), ನೀಲಿ ಹುಂಜವನ್ನು ಕಪ್ಪು ಹೇಟೆಗೆ ಬಿಟ್ಟರೆ ಸರಾಸರಿ ಅರ್ಧದಷ್ಟು ಮರಿಗಳು ನೀಲಿ, ಉಳಿದರ್ಧ ಕಪ್ಪು. ಎಲ್ಲವೂ ನೀಲಿಯಾಗಬೇಕಿದ್ದರೆ ಈ ವಂಶವಾಹಿಯ ಎರಡು ಪ್ರತಿಗಳಿರುವ, ತಿಳಿ ಬೂದು ಮೈಮೇಲೆ ಕಲೆಗಳಿರುವ ಸ್ಪ್ಲ್ಯಾಶ್ ಹುಂಜವನ್ನೇ ಕೊಡಬೇಕಿತ್ತು. ಕಾವಿನಿಂದ ಹೊರಬಂದ 17 ಮರಿಗಳಲ್ಲಿ ಒಂಬತ್ತು ಬೂದಿ ಬಣ್ಣದ ತುಪ್ಪುಳು ಹೊತ್ತಿದ್ದವು, ಎಂಟು ಕಪ್ಪಾಗಿದ್ದು ಹೊಟ್ಟೆಯಡಿ ಮಾತ್ರ ಬಿಳಿಚಿದ್ದವು. ಕೇಳಿದರೆ, ದೋಷ ನಿಮ್ಮ ಹೇಟೆಗಳದ್ದು ಎಂಬ ಉತ್ತರ ಬಂತು. ಹೇಟೆ ಕಪ್ಪೆಂದು ಮೊದಲೇ ತಿಳಿಸಿದ್ದೆನಲ್ಲ!

ಗಾತ್ರಕ್ಕೆ ಅನೇಕ ವಂಶವಾಹಿಗಳು ಕಾರಣವಾದ್ದರಿಂದ ಮೊದಲ ಪೀಳಿಗೆ ತಂದೆ ತಾಯಿಯ ನಡುವಿನ ಅಳತೆಯಲ್ಲಿ ನಿಂತಿದೆ. ಈ ತಳಿಯಲ್ಲಿ ಮೊದಲು ಎಲುಬು ಬೆಳೆದು ಮಾಂಸ ತಡವಾಗಿ ತುಂಬುವುದರಿಂದ, ಎಳೆಯ ಹುಂಜಗಳನ್ನು ಕಂಡು ಅವಸರದಲ್ಲಿ ತಿರಸ್ಕರಿಸಬಾರದು. ದೊಡ್ಡ ನೀಲಿ ಹೇಟೆಗಳನ್ನು ಆರಿಸಿ ಮತ್ತೆ ಇದೇ ಹುಂಜಕ್ಕೆ ಬಿಟ್ಟರೆ ಒಳಸಂಬಂಧದ ಅಪಾಯವಿದೆ. ಹಾಗಾಗಿ ಮುಂದಿನ ಹುಂಜವನ್ನು ಬೇರೆ ಸಾಕಣೆದಾರರಿಂದ ತರುತ್ತೇನೆ. ಹಕ್ಕಿಗೆ ಐದರಲ್ಲಿ ನಾಲ್ಕು ಅಂಕ, ಮಾರಿದವರ ಮಾತಿಗೆ ಒಂದು.