ವೆನೀರ್ ಬೀರುವಿನ ಹಳೇ ಪಾಲಿಶ್: ಉಜ್ಜಬೇಕೋ, ಕರಗಿಸಬೇಕೋ?

ನೋಡಲು ಗಟ್ಟಿ ತೇಗದಂತೆ ಕಾಣುವ ಹಳೇ ಬೀರು, ಟೀಪಾಯಿಗಳಲ್ಲಿ ಎಷ್ಟೋ ಪ್ಲೈವುಡ್ ಮೇಲೆ ತೇಗದ ವೆನೀರ್, ಅಂದರೆ ತೆಳ್ಳನೆಯ ಮರದ ಹಾಳೆ, ಅಂಟಿಸಿದವು. ಆ ಪದರದ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಹಾಗಾಗಿ ಹೊಸ ಪಾಲಿಶ್ ಯಾವುದು ಅನ್ನುವುದಕ್ಕಿಂತ ಹಳೆಯದನ್ನು ಹೇಗೆ ತೆಗೆಯುತ್ತೀರಿ ಅನ್ನುವುದೇ ಮುಖ್ಯ. ಒಂದೇ ಬೀರುವಿನ ಬೇರೆ ಬೇರೆ ಬಾಗಿಲುಗಳ ಮೇಲೆ ನಾವು ಹೋಲಿಸಿ ನೋಡಿದ್ದು ಇದು.

ಮೊದಲು ಒಳಬದಿಯ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್, ಪಿಯು (ಪಾಲಿಯುರೆಥೇನ್) ಅಥವಾ ಹಳೇ ವಾರ್ನಿಶ್.

ಸ್ಯಾಂಡಿಂಗ್ ಮಿಷನ್‌ಗೆ 80 ನಂಬರ್‌ನ ಒರಟು ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಕೆಲಸವೇನೋ ಬೇಗ ಮುಗಿಯುತ್ತದೆ, ಆದರೆ ಅಂಚಿನಲ್ಲಿ ಕೆಲವೇ ಸೆಕೆಂಡಿನಲ್ಲಿ ವೆನೀರ್ ಸವೆದು ಹೋಗುತ್ತದೆ. ಮೊದಲು ಕಾಣುವುದು ಅಂಟಿನ ಮಾಸಲು ಕಲೆ, ಆಮೇಲೆ ಬೇರೆ ಬಣ್ಣದ ಒಳಮರ. ಅಲ್ಲಿ ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ) ಸರಿಯಾಗಿ ಹೀರುವುದಿಲ್ಲ. ಹೊಸ ವೆನೀರ್ ತುಂಡು ಕೂರಿಸದೆ ಬೇರೆ ದಾರಿಯಿಲ್ಲ. ಹೀಟ್ ಗನ್ ಇನ್ನೂ ಕೆಟ್ಟದ್ದು. ಪಾಲಿಶ್ ಮೆತ್ತಗಾಗುವಷ್ಟು ಶಾಖಕ್ಕೆ ಕೆಳಗಿನ ಅಂಟೂ ಸಡಿಲವಾಗಿ ವೆನೀರ್ ಗುಳ್ಳೆ ಏಳುತ್ತದೆ.

ನಮ್ಮ ಮತ ಕರಗಿಸುವ ಕಡೆಗೇ. ಅರಗಿನ ಪಾಲಿಶ್‌ಗೆ ಬರೀ ಸ್ಪಿರಿಟ್, ಲ್ಯಾಕರ್‌ಗೆ ಥಿನ್ನರ್ ಸಾಕು. ಉಳಿದವಕ್ಕೆ ಪೇಂಟ್ ರಿಮೂವರ್ ಬೇಕು: ದಪ್ಪಗೆ ಒಂದೇ ದಿಕ್ಕಿನಲ್ಲಿ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, 10–15 ನಿಮಿಷ ಬಿಡಿ. ಸುಕ್ಕುಗಟ್ಟಿದ ಪದರವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮರದ ಎಳೆಯ ಗುಂಟ ಎತ್ತಿ. ಲೋಹದ ಪಟ್ಟಿಯ ಮೂಲೆ ಎಳೆಯನ್ನೇ ಕೀಳುತ್ತದೆ. ಮೆಲಮೈನ್‌ಗೆ ಎರಡನೇ ಸಲ ಹಚ್ಚಬೇಕಾಗಬಹುದು. ಕೊನೆಗೆ ಥಿನ್ನರ್ ಬಟ್ಟೆಯಿಂದ ಒರೆಸಿ. ನೀರು ಸುರಿದು ತೊಳೆದರೆ ಅಂಚು ಬಿಟ್ಟುಕೊಳ್ಳುತ್ತದೆ. ಇದೆಲ್ಲ ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ, ಒಲೆ-ದೀಪದಿಂದ ದೂರದಲ್ಲೇ ಆಗಬೇಕು.

ಗುಳ್ಳೆ ಮೊದಲೇ ಇದ್ದರೆ ಎಳೆಯ ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಸಿರಿಂಜ್‌ನಲ್ಲಿ ಬಿಳಿ ಅಂಟು ತುಂಬಿ, ಪ್ಲಾಸ್ಟಿಕ್ ಹಾಳೆ ಇಟ್ಟು ರಾತ್ರಿಯಿಡೀ ಭಾರ ಹೇರಿ. ಹೊರಗೆ ಉಕ್ಕಿದ ಅಂಟನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಪಾಲಿಶ್ ಬಿದ್ದಾಗ ಅಲ್ಲಿ ಮಸುಕು ಮಚ್ಚೆ ಉಳಿಯುತ್ತದೆ. ಒಣಗಿದ ಮೇಲೆ ಚಪ್ಪಟೆ ಮರದ ತುಂಡಿಗೆ 220, ಆಮೇಲೆ 320 ಪೇಪರ್ ಸುತ್ತಿ ಕೈಯಲ್ಲೇ ಎಳೆಯ ಗುಂಟ ಹಗುರವಾಗಿ ಉಜ್ಜಿ, ಥಿನ್ನರ್ ಸವರಿ ನೋಡಿ. ಒದ್ದೆಯಾದ ಆ ಕ್ಷಣಕ್ಕೆ ತೇಗದ ಬಣ್ಣ ಎದ್ದು ಬರುತ್ತದೆ, ಉಳಿದ ಗೀರುಗಳೂ ಕಾಣುತ್ತವೆ.

ಹೊಸ ಪಾಲಿಶ್ ವಿಚಾರಕ್ಕೆ ಬಂದರೆ, ಬೀರು, ಕನ್ನಡಿ ಚೌಕಟ್ಟು, ದೇವರ ಮಂಟಪಕ್ಕೆ ಅರಗೇ ಚೆಂದ. ಲೀಟರ್ ಸ್ಪಿರಿಟ್‌ಗೆ ಸುಮಾರು 200 ಗ್ರಾಂ ಅರಗಿನ ಚಕ್ಕೆ ಹಾಕಿ, ರಾತ್ರಿಯಿಡೀ ನೆನೆಸಿ ಸೋಸಿ, ತೆಳ್ಳಗೆ ಹಲವು ಕೈ ಬಳಿಯಿರಿ. ಹೊಸ ಕೈ ಹಳೆಯದರೊಳಗೆ ಬೆರೆತುಕೊಳ್ಳುವುದರಿಂದ ಮುಂದೆ ಗೀರು ಬಿದ್ದರೂ ಅಷ್ಟು ಜಾಗವನ್ನು ಮಾತ್ರ ಸರಿಪಡಿಸಬಹುದು. ಮಳೆಗಾಲದ ತೇವದಲ್ಲಿ ಬಳಿದರೆ ಬೆಳ್ಳಗೆ ಮಂಕಾಗುತ್ತದೆ, ತಿಂಗಳುಗಟ್ಟಲೆ ಇಟ್ಟ ದ್ರಾವಣ ಒಣಗದೆ ಅಂಟುತ್ತದೆ.

ಬಿಸಿ ಕಾಫಿ ಲೋಟ ಇಡುವ ಟೀಪಾಯಿಗೆ ಅರಗು ಬೇಡ, ಬೆಳ್ಳನೆಯ ಉಂಗುರ ಏಳುತ್ತದೆ. ಅಲ್ಲಿ ಪಿಯು ಸರಿ. ನೀರು, ಶಾಖ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಗೀರು ಬಿದ್ದರೆ ಸಾಮಾನ್ಯವಾಗಿ ಇಡೀ ಹಲಗೆಯನ್ನೇ ಉಜ್ಜಿ ಮತ್ತೆ ಬಳಿಯಬೇಕು, ಆಗ ಮತ್ತೆ ಅದೇ ತೆಳು ವೆನೀರಿನ ಚಿಂತೆ. ಮೆಲಮೈನ್ ಅಗ್ಗ, ಗಟ್ಟಿ, ಆದರೆ ಅದರ ಘಾಟು ಮಲಗುವ ಕೋಣೆಗೆ ಸಲ್ಲದು. ಎರಡಕ್ಕೂ ಹಾರ್ಡ್‌ನರ್ (ಪಾಲಿಶ್ ಗಟ್ಟಿಯಾಗಿಸುವ ದ್ರವ) ಬೆರೆಸುವುದಿದ್ದರೆ ಡಬ್ಬದ ಮೇಲಿನ ಅಳತೆಯಷ್ಟೇ ಹಾಕಿ. ಪಿಯು ಬಳಿದ ಮೇಜು ಮರುದಿನವೇ ಒಣಗಿದಂತೆ ಕಂಡರೂ, ಒಂದು ವಾರ ಅದರ ಮೇಲೆ ಬಿಸಿ ಪಾತ್ರೆ ಇಡಬೇಡಿ.