80 ರೂಪಾಯಿ ವೈರ್ ತಂದ ಗ್ರಹಚಾರ

ಮನೆಯಲ್ಲಿ ಹಳೇ ಕಂಪ್ಯೂಟರ್ ಬಿದ್ದಿದೆ, ಅದನ್ನೇ ನ್ಯಾಸ್ (ಮನೆಯವರೆಲ್ಲ ನೆಟ್‌ವರ್ಕ್ ಮೂಲಕ ಫೈಲ್ ಇಟ್ಟು ತೆಗೆಯುವ ಪೆಟ್ಟಿಗೆ) ಮಾಡಿಕೊಳ್ಳೋಣ ಅಂತ ಹೊರಟಿದ್ದೀರಾ? ನಾನೂ ಹಾಗೇ ಹೊರಟಿದ್ದೆ. ಕೆಲಸ ಶುರು ಮಾಡುವ ಮೊದಲು ಇದನ್ನು ಓದಿಬಿಡಿ.

ಅಟ್ಟದ ಮೇಲೆ ಥರ್ಡ್ ಜೆನ್ ಐ3 ಕಂಪ್ಯೂಟರ್ ಇತ್ತು, 8 ಜಿಬಿ ರ‍್ಯಾಮ್. ಅದಕ್ಕೆ ಓಪನ್‌ಮೀಡಿಯಾವಾಲ್ಟ್ ಹಾಕಿದೆ. ಪುಕ್ಕಟೆ ಸಾಫ್ಟ್‌ವೇರ್, ಕಷ್ಟವೇನಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡು ಸೆಕೆಂಡ್ ಹ್ಯಾಂಡ್ 2 ಟಿಬಿ ಡಿಸ್ಕ್ ತಂದು ರೇಡ್ 1 ಮಾಡಿದೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ, ಒಂದು ಹೋದರೂ ಭಯವಿಲ್ಲ ಅನ್ನೋ ಧೈರ್ಯ.

ಹಳೇ ಡಿಸ್ಕ್ ಅಂದ ಮೇಲೆ ಅನುಮಾನ ಇದ್ದೇ ಇತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ಅಂದರೆ ಸ್ಮಾರ್ಟ್ ರಿಪೋರ್ಟ್ ತೆಗೆದೆ. ಕೆಟ್ಟು ಬದಲಾಯಿಸಿದ ಜಾಗ (ರೀಅಲೊಕೇಟೆಡ್ ಸೆಕ್ಟರ್) ಸೊನ್ನೆ, ಅನುಮಾನದ ಜಾಗ (ಪೆಂಡಿಂಗ್) ಸೊನ್ನೆ. ಎರಡೂ 21,000 ಗಂಟೆಯ ಆಸುಪಾಸು ಓಡಿದ್ದವು. (ಗಂಟೆ ಲೆಕ್ಕ ಅಳಿಸಿ ಹೊಸದು ಅಂತ ಮಾರುವವರೂ ಇದ್ದಾರೆ. ಹಾಗಾಗಿ 21,000 ಕಂಡಾಗ ನನಗೆ ಖುಷಿಯೇ ಆಯಿತು.) ಬ್ಯಾಡ್‌ಬ್ಲಾಕ್ಸ್ ಅನ್ನೋ ಡಿಸ್ಕ್ ಪರೀಕ್ಷೆಯ ಪ್ರೋಗ್ರಾಂ ಹಾಕಿ ಎರಡು ದಿನ ಹಗಲು ರಾತ್ರಿ ಓಡಿಸಿದೆ. ಒಂದೂ ತಪ್ಪು ಬರಲಿಲ್ಲ.

ಎಡವಿದ್ದು ಬೇರೆ ಕಡೆ. ಹಳೇ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿ) ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪವರ್ ಪ್ಲಗ್ ಒಂದೇ ಇತ್ತು, ಅದು ಕಂಪ್ಯೂಟರ್ ಶುರುವಾಗಲು ಬೇಕಾದ ಬೂಟ್ ಎಸ್‌ಎಸ್‌ಡಿಗೆ ಹೋಯಿತು. ಅಂಗಡಿಯವರನ್ನು ಕೇಳಿದರೆ, "ಇದು ಹಾಕ್ಕೊಳ್ಳಿ ಸರ್" ಅಂತ ಮೊಲೆಕ್ಸ್ ಅನ್ನೋ ಹಳೇ ಕಾಲದ ನಾಲ್ಕು ಪಿನ್ ಪ್ಲಗ್‌ನಿಂದ ಎರಡು ಸಾಟಾ ಬರುವ ಸ್ಪ್ಲಿಟರ್ ವೈರ್ ಕೊಟ್ಟರು. 80 ರೂಪಾಯಿ. ಡಿಸ್ಕನ್ನು ಎರಡು ದಿನ ಪರೀಕ್ಷೆ ಮಾಡಿದವನು ಇದನ್ನು ತಿರುಗಿಸಿಯೂ ನೋಡಲಿಲ್ಲ.

ಐದು ತಿಂಗಳು ಚೆನ್ನಾಗಿ ಓಡಿತು. ಅಪ್ಪನ ಷಷ್ಟ್ಯಬ್ದಿಯ ಫೋಟೋ, ವಿಡಿಯೋ ಎಲ್ಲ ಅದಕ್ಕೆ ತುಂಬಿ, ಮನೆಯವರೆಲ್ಲರ ಮೊಬೈಲಿನಿಂದ ಅಳಿಸಿಯೂ ಆಗಿತ್ತು. ಒಂದು ಸಂಜೆ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆ, ನೋಡೋ" ಅಂದರು. ಒಲೆ ನೋಡಿದೆ, ದೇವರ ಮನೆ ನೋಡಿದೆ. ಹೊಗೆ ಬರುತ್ತಿದ್ದದ್ದು ಟಿವಿ ಹಿಂದೆ ಇಟ್ಟಿದ್ದ ನ್ಯಾಸ್‌ನಿಂದ. ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಿದರೆ ಒಂದು ಸಾಟಾ ಪ್ಲಗ್ ಕರಗಿ ಡಿಸ್ಕಿಗೆ ಅಂಟಿಕೊಂಡಿತ್ತು, ತಳ ಹಿಡಿದ ಪಾಕದ ಹಾಗೆ. ಹಳದಿ ವೈರಿನ ಸಿಪ್ಪೆ ಎರಡಿಂಚು ಸುಲಿದು ತಾಮ್ರ ಕಾಣುತ್ತಿತ್ತು.

ಈ ವೈರಿನಲ್ಲಿ ಎರಡು ಜಾತಿ ಅಂತ ಆಮೇಲೆ ಗೊತ್ತಾಯಿತು. ಒಂದರಲ್ಲಿ ವೈರುಗಳನ್ನು ಒತ್ತಿ ಕೂರಿಸಿ ಹಿಂದೆ ಮುಚ್ಚಳ ಹಾಕಿರುತ್ತಾರೆ. ಇನ್ನೊಂದರಲ್ಲಿ ಬಿಸಿ ಪ್ಲಾಸ್ಟಿಕ್ ಹೊಯ್ದು ಒಂದೇ ಮುದ್ದೆ ಮಾಡಿರುತ್ತಾರೆ. ಹೊಯ್ಯುವಾಗ ಒಳಗಿನ ತಂತಿ ಚೂರು ಸರಿದರೂ ಸಾಕು, 12 ವೋಲ್ಟಿನ ತಂತಿ ಪಕ್ಕದ್ದಕ್ಕೆ ತಾಗುವಷ್ಟು ಹತ್ತಿರ ಬಂದು ಕೂರುತ್ತದೆ. ಶಾರ್ಟ್ ಆಗುವುದು ಮೊದಲ ದಿನವೇ ಅಂತೇನಿಲ್ಲ, ತಿಂಗಳುಗಳಾದ ಮೇಲೂ ಆಗಬಹುದು. ನನ್ನದು ಈ ಮುದ್ದೆ ಜಾತಿ. ಎಸ್‌ಎಂಪಿಎಸ್ ಟ್ರಿಪ್ ಆಗಬೇಕಿತ್ತು ಅಲ್ವಾ? ಆಗಲಿಲ್ಲ. 12 ವೋಲ್ಟಿನಲ್ಲಿ ಹದಿನೈದಿಪ್ಪತ್ತು ಆಂಪಿಯರ್ ಕೊಡಲು ಅದು ತಯಾರಾಗಿಯೇ ಇರುತ್ತದೆ. ಒಂದು ಸಣ್ಣ ಪ್ಲಗ್ ಸುಡಲು ಅಷ್ಟು ಬೇಕಿಲ್ಲ.

ಇನ್ನು ನನ್ನ ರೇಡ್. ಎರಡು ಡಿಸ್ಕೂ ಅದೇ ಸ್ಪ್ಲಿಟರಿಗೆ ಹಾಕಿದ್ದೆನಲ್ಲ, ಎರಡೂ ಒಟ್ಟಿಗೆ ಮಲಗಿದವು. ಎಸ್‌ಎಸ್‌ಡಿಯೂ ಹೋಯಿತು, ಅದರಲ್ಲಿ ಬೇಕಾದದ್ದೇನೂ ಇರಲಿಲ್ಲ ಬಿಡಿ.

ಡಿಸ್ಕಿಗೆ ಅಂಟಿರುವ ಸರ್ಕ್ಯೂಟ್ ಬೋರ್ಡ್ ಬದಲಾಯಿಸೋಣ ಅಂತ ಅದೇ ಮಾಡೆಲಿನ ಇನ್ನೊಂದು ಹಳೇ ಡಿಸ್ಕ್ ತಂದೆ. ಸುಮ್ನೆ ದುಡ್ಡು ದಂಡ. ಬೋರ್ಡಿನ ಚಿಪ್ಪಿನಲ್ಲಿ ಆಯಾ ಡಿಸ್ಕಿಗೇ ಸೇರಿದ ಮಾಹಿತಿ ಇರುತ್ತದೆ, ಅದನ್ನೂ ಕಿತ್ತು ಬೆಸುಗೆ ಹಾಕಬೇಕು. ಕೊನೆಗೆ ಡೇಟಾ ರಿಕವರಿಯವರ ಹತ್ತಿರ ಹೋದೆ. ಒಂದರಲ್ಲಿ ರಕ್ಷಣೆಗೆ ಅಂತ ಇರುವ ಡಯೋಡ್ ಮಾತ್ರ ಸುಟ್ಟಿತ್ತು. ಅದನ್ನು ತೆಗೆದರು, ಡಿಸ್ಕ್ ತಿರುಗಿತು. ಫೋಟೋ ಎಲ್ಲ ಸಿಕ್ಕವು. ಬಿಲ್ 9,000. ನ್ಯಾಸ್‌ಗೆ ಒಟ್ಟು ಹಾಕಿದ್ದೇ 4,200.

ನಿಮ್ಮ ಕ್ಯಾಬಿನೆಟ್ಟಿನಲ್ಲಿ ಇಂಥ ಮುದ್ದೆ ಪ್ಲಗ್ ಇದ್ದರೆ ಇವತ್ತೇ ಆಫ್ ಮಾಡಿ ತೆಗೆಯಿರಿ. ನಾನು ಸಾಟಾ ಪ್ಲಗ್ ಸಾಕಷ್ಟಿರುವ ಹೊಸ ಎಸ್‌ಎಂಪಿಎಸ್ ಹಾಕಿದ್ದೇನೆ. ಇನ್ನೊಂದು ಕಾಪಿ ತುಮಕೂರಿನಲ್ಲಿ ತಂಗಿ ಮನೆಯ ಬೀರುವಿನಲ್ಲಿದೆ. ಹಬ್ಬಕ್ಕೆ ಅವಳು ಬರುವಾಗ ಡಿಸ್ಕ್ ತರುತ್ತಾಳೆ, ವಾಪಸ್ ಹೋಗುವಾಗ ಅಮ್ಮ ಕಟ್ಟಿಕೊಟ್ಟ ಹೋಳಿಗೆ ಡಬ್ಬಿಯ ಜೊತೆ ಅದನ್ನೂ ಬ್ಯಾಗಿಗೆ ಹಾಕಿಕೊಳ್ಳುತ್ತಾಳೆ.