ಹಿರಿಯರ ಹೋಮ್ ಕೇರ್ ಸೇವೆ: ಮೂರು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ನಮ್ಮ ಅತ್ತೆಗೆ ಸ್ಟ್ರೋಕ್ ಆಗಿ ಬಲಗಡೆಯ ಕೈಕಾಲು ಸೋತಾಗ ಈ ಸೇವೆ ತೆಗೆದುಕೊಂಡೆವು. ಹಗಲಿಗೆ ಒಬ್ಬರು ಅಟೆಂಡರ್, ರಾತ್ರಿಗೆ ಇನ್ನೊಬ್ಬರು, ವಾರಕ್ಕೊಮ್ಮೆ ನರ್ಸ್, ಆಗಾಗ ಫಿಸಿಯೋಥೆರಪಿಸ್ಟ್. ಮೂರು ವರ್ಷ ದಾಟಿತು, ಇನ್ನೂ ಬಳಸುತ್ತಿದ್ದೇವೆ. ಕಂಪನಿಯ ಹೆಸರು ಹಾಕುವುದಿಲ್ಲ. ಹೆಸರು ಯಾವುದಾದರೂ ನೋಡಬೇಕಾದ್ದು ಹೆಚ್ಚುಕಮ್ಮಿ ಇದೇ. ಐದಕ್ಕೆ ಮೂರೂವರೆ ಕೊಡುತ್ತೇನೆ. ಹಗಲಿನ ಆರೈಕೆಗೆ ನಾಲ್ಕೂವರೆ, ರಾತ್ರಿಯದ್ದಕ್ಕೆ ಎರಡೂವರೆ ಅಂತ ಇಟ್ಟುಕೊಳ್ಳಿ.

ಆ್ಯಪ್ ಚೆನ್ನಾಗಿದೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾವ ಮಾತ್ರೆ ಕೊಟ್ಟರು, ಎಲ್ಲ ಕಾಣುತ್ತದೆ. ಬಿಲ್ಲಿನಲ್ಲಿ ಗೊಂದಲ ಇಲ್ಲ. ಅದರ ಬಗ್ಗೆ ಇಷ್ಟು ಸಾಕು.

ಅವೆಡಿಸ್ ಡೊನಬೀಡಿಯನ್ ಎಂಬ ವೈದ್ಯರು 1966ರಲ್ಲೇ ಆರೈಕೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಅಂತ ಬರೆದರು. ಜನ, ತರಬೇತಿ, ಸಲಕರಣೆ ಏನೇನಿವೆ ಅನ್ನುವುದು ಒಂದು. ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಇನ್ನೊಂದು. ಕೊನೆಗೆ ರೋಗಿಗೆ ಏನಾಯಿತು ಅನ್ನುವುದು ಮೂರನೆಯದು. ಕಂಪನಿಯವರು ಮೊದಲೆರಡನ್ನು ಧಾರಾಳವಾಗಿ ತೋರಿಸುತ್ತಾರೆ. ಸರ್ಟಿಫಿಕೇಟ್ ಇದೆ, ಯೂನಿಫಾರ್ಮ್ ಇದೆ, ಎಲ್ಲ ಕೆಲಸಕ್ಕೂ ಟಿಕ್ ಬಿದ್ದಿದೆ. ಮೂರನೆಯದನ್ನು ಮಾತ್ರ ಮನೆಯವರೇ ಕಣ್ಣಿಟ್ಟು ನೋಡಬೇಕು.

ಬಟ್ಟೆ ಹಾಕಿಸುವುದನ್ನೇ ತಗೊಳ್ಳಿ. ಶುರುವಿನಲ್ಲಿ ಬಂದ ಅಟೆಂಡರ್ ತುಂಬಾ ಚುರುಕು. ಐದು ನಿಮಿಷದಲ್ಲಿ ಮುಖ ತೊಳೆಸಿ, ತಲೆ ಬಾಚಿ, ಬಟ್ಟೆ ಬದಲಿಸಿ ಕುರ್ಚಿಯಲ್ಲಿ ಕೂರಿಸಿಬಿಡುತ್ತಿದ್ದರು. ನೋಡಿದವರೆಲ್ಲ ಹೊಗಳಿದರು. ಆಮೇಲೆ ಬಂದವರು ನಿಧಾನ. ಸೋತ ಕೈಯನ್ನು ಮೊದಲು ಬಟ್ಟೆಯ ತೋಳಿಗೆ ಸೇರಿಸುತ್ತಾರೆ, ಆಮೇಲೆ ಚೆನ್ನಾಗಿರುವ ಕೈ. ತೆಗೆಯುವಾಗ ಇದರ ಉಲ್ಟಾ, ಸೋತ ಕೈ ಕೊನೆಗೆ. ಸ್ಟ್ರೋಕ್ ಆದವರಿಗೆ ಬಟ್ಟೆ ಹಾಕಿಸುವ ಸರಿಯಾದ ಕ್ರಮವೇ ಇದು. ಹೀಗೆ ಮಾಡಿದರೆ ಸೋತ ಭುಜ ಎಳೆದಾಡುವುದು ತಪ್ಪುತ್ತದೆ. ಆಮೇಲೆ ಗುಂಡಿ ಹಾಕುವುದನ್ನು ಅತ್ತೆಗೇ ಬಿಡುತ್ತಾರೆ. ಎಡಗೈ ಒಂದರಲ್ಲೇ ಗುಂಡಿ ಹಾಕುವುದು ಎಷ್ಟು ಕಷ್ಟ ಅಂತ ಒಮ್ಮೆ ನೀವೇ ಮಾಡಿ ನೋಡಿ. ಗುಂಡಿ ಜಾರುತ್ತದೆ, ಮತ್ತೆ ಹಿಡಿಯುತ್ತಾರೆ, ಮತ್ತೆ ಜಾರುತ್ತದೆ. ಈ ಹೆಣ್ಣುಮಗಳು ಕೈ ಕಟ್ಟಿಕೊಂಡು ಎದುರಿಗೆ ಕೂತಿರುತ್ತಾರೆ. “ನಿಧಾನಕ್ಕೆ ಹಾಕಿಕೊಳ್ಳಿ ಅಮ್ಮಾ, ನನಗೇನೂ ಅವಸರ ಇಲ್ಲ” ಅನ್ನುತ್ತಾರೆ, ಅಷ್ಟೇ. ಮೊದಮೊದಲು ನಮ್ಮ ಮಾವನವರಿಗೆ ಇದು ಸೋಮಾರಿತನದ ಹಾಗೆ ಕಂಡಿತು. “ದುಡ್ಡು ಕೊಡೋದು ಕೂತು ನೋಡೋದಕ್ಕಾ?” ಅಂತ ನನ್ನ ಹತ್ತಿರ ಗೊಣಗಿದ್ದೂ ಉಂಟು.

ಅವರ ಬಾಯಿ ಮುಚ್ಚಿಸಿದ್ದು ಬಾರ್ತೆಲ್ ಇಂಡೆಕ್ಸ್. ದಿನದ ಕೆಲಸಗಳನ್ನು ರೋಗಿ ಎಷ್ಟರ ಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಅಂತ ನೋಡುವ, 1965ರಿಂದ ಬಳಕೆಯಲ್ಲಿರುವ ಸರಳ ಅಳತೆ. ಊಟ, ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಕುರ್ಚಿಗೆ ಬರುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಹೀಗೆ ಹತ್ತು ವಿಷಯ, ಒಟ್ಟು 100 ಅಂಕ. ಫಿಸಿಯೋಥೆರಪಿಸ್ಟ್ ಇದನ್ನು ಮೂರು ತಿಂಗಳಿಗೊಮ್ಮೆ ಬರೆದಿಡುತ್ತಾರೆ. ಚುರುಕಿನ ಅಟೆಂಡರ್ ಇದ್ದಾಗ ಅತ್ತೆಯ ಅಂಕ 35ರಲ್ಲೇ ನಿಂತಿತ್ತು. ನಿಧಾನದವರು ಬಂದ ವರ್ಷ 55ಕ್ಕೆ ಬಂತು. ಸ್ಟ್ರೋಕ್ ಆದ ಮೇಲೆ ತಾನಾಗೇ ಸ್ವಲ್ಪ ಸುಧಾರಣೆ ಆಗುತ್ತದೆ ನಿಜ, ಪೂರ್ತಿ ಶ್ರೇಯ ಒಬ್ಬರಿಗೇ ಕೊಡಲಾಗದು. ಆದರೂ ಬಟ್ಟೆ ಮತ್ತು ಶೌಚದ ಅಂಕ ಏರಿದ್ದು ದಿನಾ ಅತ್ತೆಯಿಂದಲೇ ಮಾಡಿಸಿದ್ದರಿಂದ ಅಂತ ಫಿಸಿಯೋ ಅವರೂ ಹೇಳಿದರು. ಒಂದು ಮಾತು: ಇದರಲ್ಲಿ ನೂರಕ್ಕೆ ನೂರು ಬಂದರೂ ಒಬ್ಬರೇ ಇರಬಲ್ಲರು ಅಂತ ಅರ್ಥವಲ್ಲ. ಅಡುಗೆ, ಮನೆಗೆಲಸ ಈ ಲೆಕ್ಕದಲ್ಲಿ ಬರುವುದಿಲ್ಲ.

ಹಾಗಾಗಿ ಎಲ್ಲವನ್ನೂ ತಾವೇ ಮಾಡಿಬಿಡುವ ಅಟೆಂಡರ್ ಒಳ್ಳೆಯವರು ಅನ್ನುವ ಮಾತನ್ನು ನಾನು ಈಗ ಒಪ್ಪುವುದಿಲ್ಲ. ಆದರೆ ಕಾಯುವುದಕ್ಕೆ ಹೊತ್ತು ಬೇಕಲ್ವಾ? ಗಂಟೆ ಲೆಕ್ಕದಲ್ಲಿ ಬಂದುಹೋಗುವ ಸೇವೆ ತೆಗೆದುಕೊಳ್ಳುವವರು ಇದನ್ನು ಮೊದಲೇ ಕೇಳಿಕೊಳ್ಳಿ. ಆರೋಗ್ಯ ಮತ್ತು ಆರೈಕೆ ಹೇಗಿರಬೇಕು ಅಂತ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಅರ್ಧ ಗಂಟೆಗಿಂತ ಚಿಕ್ಕ ಭೇಟಿಗೆ ಷರತ್ತು ಹಾಕಿದೆ. ಬರುವವರು ಪರಿಚಿತರಾಗಿರಬೇಕು, ಆ ಭೇಟಿ ದೊಡ್ಡ ಆರೈಕೆಯ ಒಂದು ಭಾಗವಾಗಿರಬೇಕು, ಕೆಲಸ ಆ ಹೊತ್ತಿನಲ್ಲಿ ಮುಗಿಯುವಂಥದ್ದಾಗಿರಬೇಕು. ಸುಮ್ನೆ ಹದಿನೈದು ನಿಮಿಷಕ್ಕೆ ಹೊಸಬರೊಬ್ಬರು ಬಂದರೆ ಅದು ಆರೈಕೆಯಲ್ಲ, ಹಾಜರಿ.

ಪರಿಚಿತರು ಅಂದೆನಲ್ಲ, ಈ ಸೇವೆಯ ದೊಡ್ಡ ಬಲವೂ ಅದೇ, ದೊಡ್ಡ ದೋಷವೂ ಅದೇ. ಹಗಲಿನ ಅಟೆಂಡರ್ ಎರಡು ವರ್ಷದಿಂದ ಒಬ್ಬರೇ. ಒಂದು ಬೆಳಿಗ್ಗೆ ಬಂದವರೇ “ಅಕ್ಕಾ, ಅಮ್ಮ ನಿನ್ನೆ ಇದ್ದ ಹಾಗಿಲ್ಲ” ಅಂದರು. ಅತ್ತೆ ಮಂಕಾಗಿದ್ದರು, ಏನೇನೋ ಸಂಬಂಧವಿಲ್ಲದ ಮಾತು, ಮಧ್ಯೆ ತೂಕಡಿಕೆ. ರಾತ್ರಿಯವರು “ವಯಸ್ಸಾಯ್ತಲ್ಲ, ಮರೆವು ಶುರು” ಅಂತ ಹೇಳಿ ಹೊರಟಿದ್ದರು. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಟ್ಟಲೆ ತೆಗೆದುಕೊಂಡು ಬರುತ್ತದೆ. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬರುವ ಗೊಂದಲವೇ ಬೇರೆ, ಅದಕ್ಕೆ ಡೆಲಿರಿಯಂ ಅನ್ನುತ್ತಾರೆ. ಸೋಂಕು, ಮೈಯಲ್ಲಿ ನೀರು ಕಡಿಮೆಯಾಗುವುದು, ಮಲಬದ್ಧತೆ, ಹೊಸ ಮಾತ್ರೆ, ಯಾವುದರಿಂದಲೂ ಆಗಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ವಿಷಯ. ಅತ್ತೆಗೆ ಮೂತ್ರದ ಸೋಂಕಾಗಿತ್ತು, ಚಿಕಿತ್ಸೆ ಕೊಟ್ಟ ಮೇಲೆ ಮೊದಲಿನ ಹಾಗಾದರು. ನಿನ್ನೆ ನೋಡಿದವರಿಗೆ ಮಾತ್ರ ಇವತ್ತಿನ ವ್ಯತ್ಯಾಸ ಗೊತ್ತಾಗುತ್ತದೆ.

ರಾತ್ರಿ ಪಾಳಿಗೆ ಈ ಭಾಗ್ಯ ಇಲ್ಲ. ಜನ ಬದಲಾಗುತ್ತಲೇ ಇರುತ್ತಾರೆ. ಪ್ರತಿ ಹೊಸಬರಿಗೂ ಅತ್ತೆ ತಮ್ಮ ದೇಹದ ಕಥೆಯನ್ನು ಮೊದಲಿಂದ ಹೇಳಬೇಕು. ಕೆಲವರು ಕಿವಿ ಕೇಳಿಸದವರಿಗೆ ಹೇಳುವ ಹಾಗೆ ಕೂಗಿ ಮಾತಾಡುತ್ತಾರೆ. ಅತ್ತೆಗೆ ಕಿವಿ ನನಗಿಂತ ಚುರುಕು! ಹಾಸಿಗೆ ಹುಣ್ಣಾಗದಿರಲಿ ಅಂತ ರಾತ್ರಿ ಮಗ್ಗಲು ಬದಲಿಸಬೇಕು, ಆ ಪಟ್ಟಿಯನ್ನು ಒಮ್ಮೆ ಮುಂಜಾನೆ ಬೇಗ ಎದ್ದು ನೋಡಿದೆ. ಇನ್ನೂ ಬಾರದ ಆರು ಗಂಟೆಗೂ ಟಿಕ್ ಬಿದ್ದಿತ್ತು. ಆ ವಾರವೇ ಸೊಂಟದ ಮೂಳೆಯ ಮೇಲೆ ಒಂದು ಕೆಂಪು ಕಲೆ ಕಂಡಿತು. ಹಗಲಿನವರು ಬೆರಳಿಂದ ಒತ್ತಿ ಬಿಟ್ಟು ನೋಡಿದರು. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಅಲ್ಲಿ ರಕ್ತ ಇನ್ನೂ ಸರಿಯಾಗಿ ಓಡಾಡುತ್ತಿದೆ. ಬಿಳಿಚದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಇದು ಬಿಳಿಚಲಿಲ್ಲ. ಕಪ್ಪು ಚರ್ಮದವರಲ್ಲಿ ಈ ಕೆಂಪು ಕಾಣುವುದೇ ಕಷ್ಟ, ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ನೋವಿದೆಯಾ ಅಂತ ಮುಟ್ಟಿ ನೋಡಬೇಕು. ದೂರು ಕೊಟ್ಟೆ. ನರ್ಸ್ ಅದೇ ದಿನ ಬಂದರು, ಗಾಳಿ ಹಾಸಿಗೆ ಹಾಕಿಸಿದರು, ಕಲೆ ಹುಣ್ಣಾಗದೆ ಉಳಿಯಿತು. ಮೇಲ್ವಿಚಾರಕರು ಕ್ಷಮೆ ಕೇಳಿ, ಆ ಅಟೆಂಡರನ್ನು ಬದಲಿಸಿದರು. ಅಂದರೆ ಇನ್ನೊಬ್ಬ ಹೊಸಬರು. ನಾನು ಕೇಳಿದ್ದು ಅದಲ್ಲ. ಎರಡು ಪಾಳಿಯವರು ಕೈ ಬದಲಿಸುವಾಗ ಹತ್ತು ನಿಮಿಷ ಒಟ್ಟಿಗೆ ಇದ್ದು, ಇಬ್ಬರೂ ಚರ್ಮ ನೋಡಿ, ಬಾಯಿಮಾತಲ್ಲಿ ವಿಷಯ ದಾಟಿಸಲಿ ಅಂತ. ಅಷ್ಟು ಹೊತ್ತಿಗೆ ಇಬ್ಬರಿಗೂ ಸಂಬಳ ಲೆಕ್ಕ ಹಾಕಬೇಕಾಗುತ್ತದಲ್ಲ, ಅದಕ್ಕೇ ಆಗುತ್ತಿಲ್ಲ ಅಂತ ನನ್ನ ಅನುಮಾನ.

ಕಂಪನಿ ವರ್ಷಕ್ಕೆರಡು ಸಲ ಕಳಿಸುವ ಅಭಿಪ್ರಾಯದ ಫಾರಂ ಪೂರ್ತಿ ವ್ಯರ್ಥ. ಅದು ಬರುವುದು ನನ್ನ ಫೋನಿಗೆ. ಆರೈಕೆ ಪಡೆಯುವವರು ಅತ್ತೆ. ಅಟೆಂಡರ್ ಎದುರಿಗಿದ್ದಾಗ ಕೇಳಿದರೆ “ಎಲ್ಲ ಚೆನ್ನಾಗಿದೆ” ಅನ್ನುತ್ತಾರೆ. ನಾಳೆ ಅವರ ಕೈಯಲ್ಲೇ ಇರಬೇಕಲ್ಲ, ಇನ್ನೇನು ಹೇಳಿಯಾರು? ನಾನು ಬಾಗಿಲು ಹಾಕಿಕೊಂಡು ಒಬ್ಬರನ್ನೇ ಕೂರಿಸಿಕೊಂಡು ಕೇಳುತ್ತೇನೆ. ಚೆನ್ನಾಗಿದೆಯಾ ಅಂತಲ್ಲ. ಸ್ನಾನದ ನೀರು ಎಷ್ಟು ಬಿಸಿ ಇರಬೇಕು ಅಂತ ನಿಮ್ಮನ್ನು ಕೇಳುತ್ತಾರಾ? ರಾತ್ರಿ ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಇಂಥ ಪ್ರಶ್ನೆಗೆ ನಿಜವಾದ ಉತ್ತರ ಬರುತ್ತದೆ.

ಹೊಸದಾಗಿ ತೆಗೆದುಕೊಳ್ಳುವವರು ಕಂಪನಿಗೆ ಒಂದೇ ಪ್ರಶ್ನೆ ಕೇಳಿ: ಒಬ್ಬರೇ ಅಟೆಂಡರ್ ಎಷ್ಟು ತಿಂಗಳು ಬರುತ್ತಾರೆ, ಅವರು ರಜೆ ಹಾಕಿದರೆ ಬರುವವರನ್ನು ಮೊದಲೇ ಪರಿಚಯ ಮಾಡಿಸುತ್ತೀರಾ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ನಾವು ಹಗಲಿನ ಸೇವೆ ಮುಂದುವರಿಸುತ್ತಿದ್ದೇವೆ. ರಾತ್ರಿಗೆ ಇನ್ನೊಂದು ಕಂಪನಿಯವರ ಜೊತೆ ಮಾತು ನಡೆದಿದೆ, ಆ ಕಂಪನಿಯ ಅಟೆಂಡರನ್ನು ಅತ್ತೆ ಮೊದಲು ನೋಡಿ ಮಾತಾಡಿಸಬೇಕಂತೆ.